ದಿನಸಿ ಚೀಟಿಯ ಲೆಕ್ಕ

(ಪಕ್ಷದ ನಗರ ಶಾಖೆಯ ವಾರದ ಕೂಟದಲ್ಲಿ ಮಾಡಿದ ಭಾಷಣ)



ಮುಂದಿನ ಕೂಟಕ್ಕೆ ವಿಷಯ ಯಾವುದಿರಲಿ ಎಂದು ಕಳೆದ ವಾರ ನಾನು ಕೇಳಿದಾಗ ಹಿಂದೆ ಕುಳಿತಿದ್ದ ತಾಯಿಯೊಬ್ಬರು, "ದೇಶದ ವಿಚಾರ ಆಮೇಲಾಗಲಿ, ಈ ದಿನಸಿ ಖರ್ಚು ಹೇಗೆ ಇಳಿಸೋದು ಅದನ್ನ ಹೇಳಿ" ಎಂದರು. ಕೆಲವರು ನಕ್ಕರು. ನಾನೂ ನಕ್ಕೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮನೆಗೆ ಹೋಗಿ, ನಮ್ಮ ಮನೆಯ ದಿನಸಿಗೆ ತಿಂಗಳಿಗೆ ಏನಾಗುತ್ತದೆಂದು ಯೋಚಿಸಿದೆ. ಗೊತ್ತಿರಲಿಲ್ಲ. ಮೂವತ್ತು ವರ್ಷ ಬೆಲೆಯೇರಿಕೆಯ ವಿರುದ್ಧ ಭಾಷಣ ಮಾಡಿದವನಿಗೆ ತನ್ನ ಮನೆಯ ಬೇಳೆಯ ಲೆಕ್ಕ ಗೊತ್ತಿರಲಿಲ್ಲ.

ಮನೆಯವಳ ಲೆಕ್ಕದ ಪುಸ್ತಕ ಇಸಕೊಂಡು ನೋಡಿದೆ. ಒಂದು ವರ್ಷದ ಹಿಂದೆ ಎರಡು ಕಿಲೋ ಇದ್ದ ತೊಗರಿಬೇಳೆ ಒಂದೂವರೆಗೆ ಇಳಿದಿದೆ. ಕೊಬ್ಬರಿ ಅರ್ಧಕ್ಕೆ ಬಂದಿದೆ. ಕಡಲೆಕಾಯಿ ಎಣ್ಣೆಯ ಹೆಸರೇ ಇಲ್ಲ. ಆದರೆ ನಾನು ಉಂಡ ಸಾರಿನಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಏಕೆಂದರೆ ಮೊದಲು ಬಡಿಸುವವರಿಗೆ ತಳದ ಬೇಳೆ ಬರುತ್ತದೆ. ಕೊನೆಗೆ ಉಣ್ಣುವವಳಿಗೆ ತಿಳಿ ಉಳಿಯುತ್ತದೆ. ದಿನಸಿ ಖರ್ಚು ಇಳಿಸುವ ಕೆಲಸ ನಮ್ಮ ಮನೆಗಳಲ್ಲಿ ನಡೆಯುತ್ತಲೇ ಇದೆ, ಅದು ಯಾರ ತಟ್ಟೆಯಿಂದ ನಡೆಯುತ್ತಿದೆ ಎಂಬುದು ಪುಸ್ತಕದಲ್ಲಿ ಬರೆದಿರುವುದಿಲ್ಲ.

ಪತ್ರಿಕೆಗಳ ಮಹಿಳಾ ಪುಟದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರಗಳಿವೆ. ಪಟ್ಟಿ ಬರೆದುಕೊಂಡು ಹೋಗಿ, ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ, ಒಟ್ಟಿಗೆ ಸಗಟಾಗಿ ತನ್ನಿ, ಉಳಿದ ಅನ್ನ ಎಸೆಯಬೇಡಿ. ಹಸಿದ ಹೊಟ್ಟೆಯ ಬುದ್ಧಿವಾದವನ್ನು ಯಾರಿಗಾಗಿ ಬರೆಯುತ್ತಾರೋ ನನಗೆ ತಿಳಿಯದು. ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ ಈರುಳ್ಳಿ ಕಲಸಿ ಉಂಡು ಹಮಾಲಿಗೋ ಗಾರೆ ಕೆಲಸಕ್ಕೋ ಹೊರಡುವವರಿಗೆ ಮಿತವ್ಯಯ ಕಲಿಸುವುದು ಮೀನಿಗೆ ಈಜು ಕಲಿಸಿದ ಹಾಗೆ. ಇನ್ನು ಸಗಟಾಗಿ ತರುವುದು. ಅದು ಒಳ್ಳೆಯ ಮಾತೇ, ಅದಕ್ಕೆ ಆಮೇಲೆ ಬರುತ್ತೇನೆ.

ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞ 1857ರಲ್ಲಿ ಬೆಲ್ಜಿಯಮಿನ ಕೂಲಿಕಾರರ ಮನೆಗಳ ಜಮಾಖರ್ಚನ್ನು ಕೂಡಿಸಿ ಕಳೆದು ನೋಡಿ ಒಂದು ಸತ್ಯ ಹೇಳಿದ. ಮನೆ ಎಷ್ಟು ಬಡವೋ ಅದರ ಖರ್ಚಿನಲ್ಲಿ ಊಟದ ಪಾಲು ಅಷ್ಟು ದೊಡ್ಡದು. (ಮಾರ್ಕ್ಸನ ಗೆಳೆಯ ಎಂಗೆಲ್ಸ್ ಬೇರೆ, ಈತ ಬೇರೆ, ನಮ್ಮ ತರುಣರು ಒಮ್ಮೊಮ್ಮೆ ಇಬ್ಬರನ್ನೂ ಒಂದು ಮಾಡುತ್ತಾರೆ.) ಈ ಅಳತೆಗೋಲನ್ನು ನಮ್ಮ ದೇಶಕ್ಕೆ ಹಿಡಿದು ನೋಡೋಣ. ಸರಕಾರವೇ ನಡೆಸಿದ 2023-24ರ ಮನೆವಾರು ಖರ್ಚಿನ ಸಮೀಕ್ಷೆಯ ಪ್ರಕಾರ ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 4,122 ರೂಪಾಯಿ, ಪಟ್ಟಣದಲ್ಲಿ 6,996. ಅದರಲ್ಲಿ ಊಟ ತಿಂಡಿಗೆ ಹಳ್ಳಿಯವರದು ನೂರಕ್ಕೆ 47, ಪಟ್ಟಣದವರದು ನೂರಕ್ಕೆ ಸುಮಾರು 40. ಅಂದರೆ ಹಳ್ಳಿಯ ಸರಾಸರಿ ಮನುಷ್ಯನ ಒಂದು ತಿಂಗಳ ಊಟಕ್ಕೆ ಸುಮಾರು 1,939 ರೂಪಾಯಿ.

ಈಗ ಅದೇ ವರದಿಯ ಇನ್ನೊಂದು ಸಾಲು ಕೇಳಿ. ಹಳ್ಳಿಯಲ್ಲಿ ಎಲ್ಲಕ್ಕಿಂತ ಕೆಳಗಿರುವ ನೂರಕ್ಕೆ ಐದು ಜನರ ತಿಂಗಳ ಒಟ್ಟು ಖರ್ಚು ತಲೆಗೆ 1,677 ರೂಪಾಯಿ. ಊಟಕ್ಕೆ ಮಾತ್ರವಲ್ಲ, ಬಟ್ಟೆ, ಔಷಧ, ಬಸ್ಸು, ಮಕ್ಕಳ ಪುಸ್ತಕ, ಸೋಪು, ಎಲ್ಲವೂ ಸೇರಿ. ದಿನಕ್ಕೆ 56 ರೂಪಾಯಿ. ಸರಾಸರಿಯವನು ಊಟಕ್ಕೆ ಮಾತ್ರ ಹಾಕುವ ಹಣ ಕೆಳಗಿನವನ ಇಡೀ ಬದುಕಿನ ಖರ್ಚಿಗಿಂತ ಹೆಚ್ಚು. ಪಟ್ಟಣದಲ್ಲೂ ಹೀಗೆಯೇ: ಸರಾಸರಿ ಊಟ 2,776 ರೂಪಾಯಿ, ಕೆಳಗಿನವರ ಸಮಗ್ರ ಖರ್ಚು 2,376.

1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ ಎಂದಾಗ ಸರಕಾರ ಹದಿನೈದು ಆಣೆ ಎಂದು ಉತ್ತರಿಸಿತು. ಆ ಹದಿನೈದು ಆಣೆ ಎಲ್ಲಿಂದ ಬಂತು? ಕೋಟ್ಯಧೀಶನನ್ನೂ ಕೂಲಿಯವನನ್ನೂ ಒಂದೇ ಪಾತ್ರೆಗೆ ಸುರಿದು ಕಲಕಿದ ಸರಾಸರಿಯಿಂದ. ಆ ವಾದ ಹಳೆಯದಾಯಿತೆಂದು ಯಾರಾದರೂ ಹೇಳಿದರೆ ಅವರಿಗೆ ಈ ಎರಡು ಸಾಲುಗಳನ್ನು ತೋರಿಸಿ.

ಹಾಗೆಂದು ಏನೂ ಬದಲಾಗಿಲ್ಲವೆಂದರೆ ಸುಳ್ಳಾಗುತ್ತದೆ. 1999-2000ರಲ್ಲಿ ಹಳ್ಳಿಯ ಮನೆಗಳ ಖರ್ಚಿನಲ್ಲಿ ನೂರಕ್ಕೆ 22 ರೂಪಾಯಿ ಅಕ್ಕಿ, ಗೋಧಿ, ರಾಗಿ, ಜೋಳಕ್ಕೇ ಹೋಗುತ್ತಿತ್ತು. 2023-24ರಲ್ಲಿ ಅದು ಸುಮಾರು 5 ರೂಪಾಯಿ. ಇದರಲ್ಲಿ ಪಡಿತರದ ಪಾಲು ದೊಡ್ಡದು. ನಮ್ಮ ರಾಜ್ಯದಲ್ಲಿ 2013ರಲ್ಲಿ ಕಿಲೋಗೆ ಒಂದು ರೂಪಾಯಿಯ ಅನ್ನಭಾಗ್ಯ ಬಂತು, ಆ ವರ್ಷವೇ ಕೇಂದ್ರದ ಆಹಾರ ಭದ್ರತಾ ಕಾಯಿದೆ ಬಂತು. ಹಸಿವಿನ ಭಯ ಎಷ್ಟು ಮನೆಗಳಿಂದ ಹೊರಬಿತ್ತೆಂಬುದನ್ನು ಸೊಸೈಟಿ ಅಕ್ಕಿಯನ್ನು ಗೇಲಿ ಮಾಡುವವರು ಬಲ್ಲರೆ?

ಆದರೆ ಅಕ್ಕಿ ಬಂದ ಮೇಲೆ ಅದಕ್ಕೆ ಕಲಸಿಕೊಳ್ಳುವುದು ಬೇಕಲ್ಲ. ಬೇಳೆ, ಎಣ್ಣೆ, ಹುಣಸೆ, ಮೆಣಸಿನಕಾಯಿ, ತರಕಾರಿ, ಹಾಲು, ಇವು ಪೂರ್ತಿ ಪೇಟೆಯ ಕೈಯಲ್ಲಿವೆ. ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ಟು ಕೊಡಬೇಕೆಂದು ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿದ್ದು ಈ ಕಾರಣದಿಂದಲೇ. ಎಣ್ಣೆಯಂತೂ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುವಂಥದು. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಶುರುವಾಗಿ, ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆಯ ರಫ್ತು ನಿಲ್ಲಿಸಿದಾಗ ನಮ್ಮ ಬಾಣಲೆಗಳೂ ಒಣಗಿದವು.

ತೊಗರಿಯ ಕಥೆ ಇನ್ನೂ ವಿಚಿತ್ರ. 2015ರ ಅಕ್ಟೋಬರಿನಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಧಾರಣೆಯನ್ನು ನಂಬಿ ರೈತ ಮರುವರ್ಷ ಹೆಚ್ಚು ಬಿತ್ತಿದ. 2017ರ ಸುಗ್ಗಿಗೆ ಕಲಬುರಗಿಯ ಕಡೆ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಯೂ ಪೇಟೆಯಲ್ಲಿ ಹುಟ್ಟದೆ ರೈತರು ಖರೀದಿ ಕೇಂದ್ರಗಳ ಮುಂದೆ ಚೀಲ ಹಾಕಿಕೊಂಡು ಕಾದರು. ಮೊದಲ ವರ್ಷ ಉಣ್ಣುವವಳು ಅತ್ತಳು, ಎರಡನೆಯ ವರ್ಷ ಬೆಳೆದವನು ಅತ್ತ. ನಡುವೆ ಇರುವವರು ಎರಡು ವರ್ಷವೂ ಅಳಲಿಲ್ಲ. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಳ ವಿಷಯವಾಗಿ ರಿಸರ್ವ್ ಬ್ಯಾಂಕಿನ 2024ರ ಅಧ್ಯಯನವೊಂದು, ಗಿರಾಕಿ ಕೊಟ್ಟ ರೂಪಾಯಿಯಲ್ಲಿ ರೈತನಿಗೆ ತಲಪುವುದು 33ರಿಂದ 37 ಪೈಸೆ ಎಂದು ಹೇಳಿದೆ. ಹೀಗಿರುವಾಗ ಬೆಲೆ ಇಳಿಯಬೇಕೆಂದು ನಾವು ಕೂಗುವುದು ರೈತನ ಹೊಟ್ಟೆಯ ಮೇಲೆ ಹೊಡೆಯುವುದಕ್ಕಲ್ಲ. ಮಿಕ್ಕ ಅರವತ್ತು ಚಿಲ್ಲರೆ ಪೈಸೆಯ ಲೆಕ್ಕ ಕೇಳುವುದಕ್ಕೆ. ಸಾಗಣೆ, ಹಮಾಲಿ, ಕೊಳೆತು ಹೋಗುವುದು, ಇವೂ ಅದರಲ್ಲಿವೆ, ಇಲ್ಲವೆನ್ನುವುದಿಲ್ಲ. ಇವೇ ಪೂರ್ತಿಯಲ್ಲ.

ಎರಡು ಸುಗ್ಗಿಗಳ ನಡುವೆ ಧಾನ್ಯದ ಬೆಲೆಯ ಏರಿಳಿತಕ್ಕೆ ಕಟ್ಟು ಹಾಕಬೇಕು, ಕಾರಖಾನೆಯ ಸರಕು ಉತ್ಪಾದನೆಯ ವೆಚ್ಚದ ಒಂದೂವರೆ ಪಟ್ಟು ಮೀರಬಾರದು ಎಂಬುದು ಲೋಹಿಯಾ ಅವರ 'ದಾಮ್ ಬಾಂಧೋ' ಬೇಡಿಕೆ. ಆ ಬೇಡಿಕೆಯನ್ನು ನಾವು ಬಿಟ್ಟಿಲ್ಲ. ಆದರೆ ಆ ತಾಯಿ ಕೇಳಿದ್ದು ಈ ತಿಂಗಳ ಚೀಟಿಯ ವಿಷಯ. ಅದಕ್ಕೆ ಬರುತ್ತೇನೆ.

ಮೊದಲು ಸಣ್ಣ ಮಾತು. ಹತ್ತು ರೂಪಾಯಿಯ ಪೊಟ್ಟಣ ಹತ್ತೇ ರೂಪಾಯಿಗೆ ಸಿಗುತ್ತಲೇ ಇದೆ, ಆದರೆ ಒಳಗಿನ ತೂಕ ಸದ್ದಿಲ್ಲದೆ ಕರಗುತ್ತದೆ. 2022ರಿಂದ ಪೊಟ್ಟಣಗಳ ಮೇಲೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆಂಬ ಬೆಲೆಯನ್ನೂ ಅಚ್ಚು ಹಾಕಬೇಕೆಂಬ ನಿಯಮ ಬಂದಿದೆ. ಅಕ್ಷರ ಇರುವೆಯಷ್ಟು, ಮಕ್ಕಳ ಕೈಲಿ ಓದಿಸಿ. ಲೆಕ್ಕಕ್ಕಾಗಿ ಹೇಳುತ್ತೇನೆ: 25 ಗ್ರಾಂ ಸಾರಿನ ಪುಡಿಗೆ 10 ರೂಪಾಯಿ ಕೊಟ್ಟರೆ ಕಿಲೋಗೆ 400 ಆಯಿತು, ಅದೇ ಪುಡಿ ಕಾಲು ಕಿಲೋಗೆ 80 ಎಂದಿದ್ದರೆ ಕಿಲೋಗೆ 320. ಕೆಲವು ಸಲ ದೊಡ್ಡ ಪೊಟ್ಟಣವೇ ದುಬಾರಿ ಬೀಳುವುದೂ ಉಂಟು, ಆದ್ದರಿಂದ ನೋಡದೆ ನಂಬಬೇಡಿ. ಎಣ್ಣೆಯಲ್ಲಿ ಲೀಟರು ಎಂದರೆ ಕಿಲೋ ಅಲ್ಲ, ಸುಮಾರು 910 ಗ್ರಾಂ. ಹಳ್ಳಿಯ ಮನೆಗಳು ಧಾನ್ಯಕ್ಕೆ ಕೊಡುವುದಕ್ಕಿಂತ ಸುಮಾರು ಎರಡರಷ್ಟು ಹಣವನ್ನು ಪೇಯ, ಹೊರಗಿನ ತಿಂಡಿ, ಪೊಟ್ಟಣದ ತಿನಿಸುಗಳಿಗೆ ಕೊಡುತ್ತಿವೆಯೆಂದು ಅದೇ ಸಮೀಕ್ಷೆ ಹೇಳುತ್ತದೆ. ಇದಕ್ಕಾಗಿ ತಾಯಂದಿರನ್ನು ಬಯ್ಯುವ ಗಂಡಸರು, ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸಿನ ಬಸ್ಸು ಹಿಡಿಯಬೇಕಾದವಳು ರೊಟ್ಟಿ ಬಡಿಯುವುದು ಎಷ್ಟು ಗಂಟೆಗೆ ಎಂದು ಮೊದಲು ಹೇಳಲಿ. ಬೇಕಾದರೆ ತಾವೇ ಬಡಿಯಲಿ.

ಇನ್ನು ಸಗಟಿನ ಮಾತು. ನಮ್ಮ ಮಲೆನಾಡಿನಲ್ಲಿ ಅನುಕೂಲಸ್ಥರ ಮನೆಗಳು ಹಿಂದಿನಿಂದಲೂ ದಿನಸಿ ಕೊಳ್ಳುವುದು ಸುಗ್ಗಿ ನೋಡಿ. ತೊಗರಿ ಡಿಸೆಂಬರಿನಿಂದ ಫೆಬ್ರವರಿಗೆ ಬರುತ್ತದೆ, ಬ್ಯಾಡಗಿ ಮೆಣಸಿನಕಾಯಿ ಬೇಸಗೆಗೆ ಮುಂಚೆ, ಹುಣಸೆ ಶಿವರಾತ್ರಿಯ ಆಸುಪಾಸಿನಲ್ಲಿ. ಆಗ ಕೊಂಡು, ಬಿಸಿಲಿಗೆ ಹಾಕಿ, ಡಬ್ಬಿ ತುಂಬಿಸಿ ಮಳೆಗಾಲವನ್ನು ಎದುರಿಸುತ್ತಾರೆ. ಬಡವರ ಮನೆಯಲ್ಲಿ ಇದೇ ಬುದ್ಧಿ ಇಲ್ಲವೆ? ಇದೆ, ಹಣವಿಲ್ಲ. ಜೂನ್ ತಿಂಗಳಲ್ಲಿ ಕೆಲಸ ಕಡಿಮೆ, ಶಾಲೆಯ ಖರ್ಚು ಜಾಸ್ತಿ, ಧಾರಣೆಯೂ ಜಾಸ್ತಿ. ಆಗ ಕಾಲು ಕಿಲೋ, ನೂರು ಗ್ರಾಂ ಲೆಕ್ಕದಲ್ಲಿ, ಅದೂ ಉದ್ರಿ. ಒಂದೇ ಬೇಳೆಗೆ ಬಡವಳು ಹೆಚ್ಚು ಬೆಲೆ ಕೊಡುತ್ತಾಳೆ.

ಕಿರಾಣಿ ಅಂಗಡಿಯವನನ್ನು ಬಯ್ಯುವುದು ಸುಲಭ. ಅವನು ಉದ್ರಿ ಕೊಡದಿದ್ದರೆ ಎಷ್ಟೋ ಮನೆಗಳ ಒಲೆ ಹತ್ತುತ್ತಿರಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಉದ್ರಿಯ ಗಿರಾಕಿ ಧಾರಣೆ ಕೇಳುವುದಿಲ್ಲ, ತಕ್ಕಡಿಯ ಮುಳ್ಳು ನೋಡುವುದಿಲ್ಲ, ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಬಡ್ಡಿ ಎಂದು ಬರೆಯದಿದ್ದರೂ ಬಡ್ಡಿ ಅಲ್ಲಿದೆ.

1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್ ಊರಿನ 28 ಮಂದಿ, ಹೆಚ್ಚಿನವರು ನೇಕಾರರೂ ಕುಶಲಕರ್ಮಿಗಳೂ, ವಾರಕ್ಕೆ ಕೆಲವೇ ಪೆನ್ನಿಗಳಂತೆ ಕೂಡಿಸಿ 28 ಪೌಂಡು ಮಾಡಿ ಒಂದು ಅಂಗಡಿ ತೆರೆದರು. ಮೊದಲ ದಿನ ಅಲ್ಲಿದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸಿನ ಹಿಟ್ಟು, ಮೇಣದ ಬತ್ತಿ ಇಷ್ಟೆ. ಕಲಬೆರಕೆ ಇಲ್ಲ, ಉದ್ರಿ ಇಲ್ಲ, ಲಾಭ ಬಂದರೆ ಕೊಂಡಷ್ಟಕ್ಕೆ ತಕ್ಕಂತೆ ಹಂಚಿಕೆ. ನಮ್ಮ ನಾಡಿಗೂ ಸಹಕಾರ ಹೊಸದಲ್ಲ. ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲಕ್ಕೆ ಸಹಕಾರ ನಮ್ಮಲ್ಲಿ ಬೇರು ಬಿಟ್ಟಿತು, ಬೇಳೆಗೆ ಬಿಡಲಿಲ್ಲ. ಏಕೆ? ನಾನು ಕಂಡ ಬಳಕೆದಾರರ ಸಂಘಗಳಲ್ಲಿ ನಿರ್ದೇಶಕರ ನೆಂಟರಿಗೆ ಉದ್ರಿ ಹೋಯಿತು, ಮಾರಾಟವಾಗದ ಸರಕು ಮೂಲೆಯಲ್ಲಿ ಹುಳ ಹಿಡಿಯಿತು, ಚುನಾವಣೆಗೆ ಬಂದಷ್ಟು ಸದಸ್ಯರು ಖರೀದಿಗೆ ಬರಲಿಲ್ಲ. ಹೀಗಿರಲಾಗಿ ಕಟ್ಟಡ, ಬೋರ್ಡು, ಗುಮಾಸ್ತ ಬೇಡವೆಂದೇ ನನ್ನ ಸಲಹೆ.

ನಿಮ್ಮಲ್ಲಿ ಅನೇಕರು ಸ್ತ್ರೀಶಕ್ತಿ ಸಂಘಗಳಲ್ಲಿದ್ದೀರಿ. 2000-01ರಲ್ಲಿ ಶುರುವಾದ ಆ ಸಂಘಗಳಲ್ಲಿ ವಾರವಾರ ಹಣ ಕಟ್ಟುವ, ಪುಸ್ತಕ ಬರೆಯುವ ಅಭ್ಯಾಸ ಗಟ್ಟಿಯಾಗಿದೆ. ಅದೇ ಅಭ್ಯಾಸವನ್ನು ಒಂದು ಬೇಳೆಗೆ ತಿರುಗಿಸಿ ನೋಡೋಣ. ಹನ್ನೆರಡು ಮನೆ, ವಾರಕ್ಕೆ 50 ರೂಪಾಯಿ. ವಾರಕ್ಕೆ 600, ಇಪ್ಪತ್ತು ವಾರಕ್ಕೆ 12,000. ಸುಗ್ಗಿಯಲ್ಲಿ ಅಂದಿನ ಧಾರಣೆಗೆ ಎಷ್ಟು ಬರುತ್ತದೋ ಅಷ್ಟು ತೊಗರಿಬೇಳೆಯನ್ನು ಮಿಲ್ಲಿನಿಂದಲೋ ಸಗಟು ಮಂಡಿಯಿಂದಲೋ ನಗದು ಕೊಟ್ಟು ತರುವುದು, ಅಂದೇ ತೂಗಿ ಹಂಚುವುದು. ದಾಸ್ತಾನು ಇಡಬಾರದು. ಉದ್ರಿ ಇಲ್ಲ. ಮೊದಲ ವರ್ಷ ಬೇಳೆ ಒಂದೇ; ಮೆಣಸಿನಕಾಯಿ ಹುಣಸೆ ಮರುವರ್ಷ ನೋಡೋಣ. ದೊಡ್ಡ ಮಾಲುಗಳೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ಕಂಪನಿಗಳೂ ಮಾಡುವುದು ಇದನ್ನೇ, ಒಟ್ಟಿಗೆ ಕೊಳ್ಳುವುದು. ಉಳಿದದ್ದು ಅವರ ಜೇಬಿಗೆ ಹೋಗುತ್ತದೆ, ಅಷ್ಟೆ.

ಒಂದು ಎಚ್ಚರಿಕೆ. ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಮನೆಯವರು ಇದನ್ನು ಮಾಡಿ ಸೋತೆವು. ಬೇಳೆ ಒಳ್ಳೆಯದೇ ಬಂದಿತ್ತು, ಬಿಸಿಲಿಗೆ ಹಾಕಲಿಲ್ಲ. ಜುಲೈ ಹೊತ್ತಿಗೆ ಅರ್ಧ ಹುಳ. ನಾಲ್ಕೂ ಮನೆಯ ಗಂಡಸರು ಮಂಡಿಗೆ ಹೋಗಿ ಧಾರಣೆಯ ವಾದ ಮಾಡಿದ್ದೆವು, ಇಡುವ ಕ್ರಮವನ್ನು ಮನೆಯವರನ್ನು ಕೇಳಿರಲಿಲ್ಲ. ಎರಡು ದಿನ ಬಿಸಿಲು, ಆಮೇಲೆ ಬೇಳೆಗೆ ತೆಳ್ಳಗೆ ಹರಳೆಣ್ಣೆ ಸವರಿ ಒಣ ಡಬ್ಬಿಗೆ ತುಂಬಬೇಕೆಂದು ಆಮೇಲೆ ನಮಗೆ ಪಾಠವಾಯಿತು. ಈ ಸಲ ಖರೀದಿಗೆ ಹೋಗುವವರಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಪುಸ್ತಕವೂ ಅವರ ಕೈಯಲ್ಲೇ ಇರಬೇಕು.

ಸೇರುವವರು ಕೂಟ ಮುಗಿದ ಮೇಲೆ ಹೆಸರು ಬರೆಸಿ. ಮುಂದಿನ ವಾರ ಬರುವಾಗ ತಿಂಗಳ ದಿನಸಿಯ ಚೀಟಿ ತನ್ನಿ, ಗಂಡಸರೂ ತಮ್ಮ ಮನೆಯದನ್ನು ಕೇಳಿ ತರಲಿ. ತಕ್ಕಡಿ ಒಂದು ಬೇಕು; ಯಾರ ಮನೆಯಲ್ಲಾದರೂ ಇದ್ದರೆ ಈಗಲೇ ಹೇಳಿ.