ದಾದಿಯರಿಗೆ ಕಲಿಸುವ ಬದಲಿ ಕೆಲಸಗಾರ್ತಿ

(ಕಳೆದ ಭಾನುವಾರ ಸಂಜೆ ಗಿರಣಿ ಕಾರ್ಮಿಕರ ಸಂಘದ ಕಟ್ಟಡದಲ್ಲಿ ಸೋದರಿಯೊಬ್ಬರು ಮಾಡಿದ ಭಾಷಣ. ಅವರ ಕೋರಿಕೆಯಂತೆ ಹೆಸರನ್ನು ಕೊಟ್ಟಿಲ್ಲ. – ಸಂ.)



ಭಾಷಣ ಮಾಡಿ ನನಗೆ ರೂಢಿಯಿಲ್ಲ. ವಾರ್ಡಿನಲ್ಲಿ ಎಂಟು ಹತ್ತು ಹುಡುಗಿಯರ ನಡುವೆ ನಿಂತು, ರೋಗಿಗೆ ಗಾಬರಿಯಾಗದ ಹಾಗೆ ಮೆಲ್ಲಗೆ ಮಾತನಾಡಿ ಮಾತನಾಡಿ ಗಂಟಲು ಅದಕ್ಕೇ ಒಗ್ಗಿಹೋಗಿದೆ. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಕೈ ಎತ್ತಬೇಕು.

ಸಂಘದ ಕಾರ್ಯದರ್ಶಿಗಳು ಕರೆಯಲು ಬಂದಾಗ, "ನಿಮ್ಮ ಕೆಲಸದ ವಿಷಯ ಹೇಳಿ ಅಕ್ಕ, ಅಷ್ಟು ಸಾಕು" ಎಂದರು. ನನ್ನ ಕೆಲಸಕ್ಕೆ ಜನರ ಬಾಯಲ್ಲಿ ಹೆಸರೇ ಇಲ್ಲ. ಕಾಲೇಜಿನವರು ಕೊಟ್ಟ ಕಾಗದದಲ್ಲಿ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಎಂದಿದೆ. ಅದರ ಹಿಂದೆ ಅರೆಕಾಲಿಕ ಎಂಬ ಇನ್ನೊಂದು ಮಾತಿದೆ. ಇದನ್ನು ಗಿರಣಿಯ ಭಾಷೆಯಲ್ಲಿ ಹೇಳಿದರೆ ನಿಮಗೆ ಬೇಗ ತಿಳಿದೀತು. ಹೊಸದಾಗಿ ಬಂದ ಹುಡುಗನನ್ನು ರಿಂಗ್ ಫ್ರೇಮಿನ ಮುಂದೆ ನಿಲ್ಲಿಸಿ, "ಹರಿದ ನೂಲು ಕೂಡಿಸು" ಎಂದು ಹೇಳಿ ಯಾರೂ ಹೊರಟುಹೋಗುವುದಿಲ್ಲ. ಹಳಬನೊಬ್ಬ ಪಕ್ಕದಲ್ಲಿ ನಿಂತು ಅವನ ಬೆರಳು ನೋಡುತ್ತಿರುತ್ತಾನೆ. ತಪ್ಪಿದರೆ ಕೈ ಹಿಡಿದು ಎಳೆಯುತ್ತಾನೆ. ಆ ಹಳಬನ ಕೆಲಸ ನನ್ನದು. ಆದರೆ ನನ್ನ ಹುಡುಗಿಯರ ಬೆರಳಿಗೆ ಸಿಕ್ಕಿರುವುದು ನೂಲಲ್ಲ. ನಿಮ್ಮ ತೋಳು, ನಿಮ್ಮ ತಾಯಿಯ ಬೆನ್ನು, ನಿಮ್ಮ ಮಗುವಿನ ಕೈಯ ನರ.

ಇನ್ನು ಅರೆಕಾಲಿಕ ಎಂಬ ಮಾತು. ನಿಮ್ಮಲ್ಲಿ ಬದಲಿಯವರಾಗಿ ದುಡಿದವರು ಬಹಳ ಮಂದಿ ಇದ್ದೀರಿ. ಗೇಟಿನ ಮುಂದೆ ನಿಲ್ಲಬೇಕು, ಕರೆದರೆ ಪಾಳಿ, ಕರೆಯದಿದ್ದರೆ ಡಬ್ಬಿಯ ರೊಟ್ಟಿಯನ್ನು ಮನೆಗೇ ಹೊತ್ತುಕೊಂಡು ಹೋಗಿ ತಿನ್ನಬೇಕು. ನನಗೆ ಗೇಟಿನ ಬದಲು ಫೋನು, ಬೇರೆ ವ್ಯತ್ಯಾಸವಿಲ್ಲ. ಹಾಜರಾದ ದಿನಕ್ಕೆ ಹಣ. ಹುಡುಗಿಯರಿಗೆ ಪರೀಕ್ಷೆ ಬಂದರೆ ನನಗೆ ಕೂಲಿಯಿಲ್ಲ, ಹಬ್ಬ ಬಂದರೆ ಕೂಲಿಯಿಲ್ಲ, ನನಗೇ ಜ್ವರ ಬಂದರೆ ಕೇಳುವುದೇ ಬೇಡ.

ಬೆಳಿಗ್ಗೆ ಎಂಟಕ್ಕೆ ವಾರ್ಡು. ಒಬ್ಬೊಬ್ಬ ಹುಡುಗಿಗೆ ಒಬ್ಬಿಬ್ಬರು ರೋಗಿಗಳನ್ನು ಹಂಚಿಕೊಡುತ್ತೇನೆ. ಈಗ ಹುಡುಗರೂ ಬರುತ್ತಾರೆ, ಒಳ್ಳೆಯದೇ. ಜ್ವರ, ನಾಡಿ, ಉಸಿರು, ರಕ್ತದ ಒತ್ತಡ ನೋಡಿ ಬರೆಯುವುದು ಮೊದಲ ಪಾಠ. ಎದ್ದೇಳಲಾರದೆ ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು. ತಿರುಗಿಸದೆ ಬಿಟ್ಟರೆ ಮೂಳೆ ಒತ್ತಿದ ಕಡೆ ಚರ್ಮ ಸತ್ತು ಹುಣ್ಣಾಗುತ್ತದೆ. ಔಷಧ ಕೊಡುವ ಮೊದಲು ಐದು ಸಲ ನೋಡಿಕೊಳ್ಳಬೇಕು: ರೋಗಿ ಇವನೇನೋ, ಔಷಧ ಇದೇನೋ, ಪ್ರಮಾಣ ಇಷ್ಟೇನೋ, ಬಾಯಿಗೋ ಸೂಜಿಗೋ, ವೇಳೆ ಸರಿಯೋ. ಸೊಂಟದ ಕೆಳಗೆ ಇಂಜೆಕ್ಷನ್ ಕೊಡುವಾಗ ಮೇಲಿನ ಹೊರಮೂಲೆಯಲ್ಲಿ ಚುಚ್ಚಬೇಕು. ಒಳಕ್ಕೆ, ಕೆಳಕ್ಕೆ ಸರಿದರೆ ಕಾಲಿಗೆ ಇಳಿಯುವ ದೊಡ್ಡ ನರಕ್ಕೆ ತಾಗಿ, ಜ್ವರಕ್ಕೆಂದು ಬಂದವನು ಕುಂಟುತ್ತ ಮನೆಗೆ ಹೋದಾನು. ಇದೆಲ್ಲ ಪುಸ್ತಕದಲ್ಲಿದೆ, ಚಿತ್ರಸಮೇತ ಇದೆ. ಆದರೆ ಹತ್ತೊಂಬತ್ತು ವರ್ಷದ ಹುಡುಗಿಯ ಕೈ ಮೊದಲ ಸಲ ನಡುಗುವಾಗ ಚಿತ್ರ ನೆನಪಿಗೆ ಬರುವುದಿಲ್ಲ. ಆಗ ಪಕ್ಕದಲ್ಲೊಬ್ಬರು ಬೇಕು.

ಇಲ್ಲಿ ಒಂದು ಮಾತು ನಾಚಿಕೆಯಿಲ್ಲದೆ ಹೇಳುತ್ತೇನೆ. ಈ ಹುಡುಗಿಯರು ಕಲಿಯುವುದು ಯಾರ ಮೈಮೇಲೆ? ಸಾಹುಕಾರರ ಸ್ಪೆಷಲ್ ರೂಮಿನಲ್ಲಿ ಅಲ್ಲ. ಅಲ್ಲಿಗೆ ವಿದ್ಯಾರ್ಥಿಗಳನ್ನು ಕಳಿಸಬೇಡಿ ಎಂದು ಬಾಯಿಬಿಟ್ಟು ಹೇಳಿರುತ್ತಾರೆ. ಕಲಿಯುವುದು ಜನರಲ್ ವಾರ್ಡಿನಲ್ಲಿ, ಗಿರಣಿಯವರ, ಹಮಾಲರ, ತರಕಾರಿ ಮಾರುವ ಹೆಂಗಸರ ಮೈಮೇಲೆ. ಇದು ತಪ್ಪೆಂದು ನಾನು ಹೇಳಲಾರೆ. ಎಲ್ಲಾದರೂ ಕಲಿಯಲೇಬೇಕು, ಕಲಿಯದೆ ನಾಳೆಗೆ ದಾದಿಯರಿಲ್ಲ. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ಆಗ ಈ ದೇಶದಲ್ಲಿದ್ದ ದಾದಿಯರು ಸುಮಾರು 7,000. 43,000 ಜನಕ್ಕೆ ಒಬ್ಬಳು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆಂದರೆ ಬಡವರ ಹಾಸಿಗೆಯ ಪಕ್ಕದಲ್ಲಿ ಕಲಿತೇ ಬಂದಿದ್ದೇವೆ. ಆದ್ದರಿಂದ ನಾನು ಹುಡುಗಿಯರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ: ಸೂಜಿ ಹಿಡಿಯುವ ಮೊದಲು, "ಯಜಮಾನರೇ, ನಾನಿನ್ನೂ ಕಲಿಯುವವಳು, ನಮ್ಮ ಮೇಡಂ ಇಲ್ಲೇ ಇದ್ದಾರೆ, ಕೊಡಲೇ?" ಎಂದು ಕೇಳಬೇಕು. ಬೇಡವೆಂದರೆ ಬೇಡ. ನೂರಕ್ಕೆ ತೊಂಬತ್ತು ಮಂದಿ ತೋಳು ಚಾಚಿ, "ಕೊಡವ್ವ, ನೀನೂ ಕಲೀಬೇಕಲ್ಲ" ಎನ್ನುತ್ತಾರೆ. ಅಷ್ಟು ನಂಬಿಕೆಯಿಂದ ಚಾಚಿದ ತೋಳು ಅದು. ಆದರೆ "ಮೇಡಂ ಇಲ್ಲೇ ಇದ್ದಾರೆ" ಎಂಬ ಮಾತು ಎಷ್ಟು ದಿನ ನಿಜವಾಗಿರುತ್ತದೆ ಎಂಬುದೇ ಪ್ರಶ್ನೆ.

ನಿಯಮಗಳಿಗೇನೂ ಕೊರತೆಯಿಲ್ಲ. 1947ರ ಕಾನೂನಿನಂತೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹುಟ್ಟಿತು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂದು ಅದು ಬರೆದಿಟ್ಟಿತು. ಪ್ರಾಂಶುಪಾಲರಿಂದ ಹಿಡಿದು ಶುಶ್ರೂಷೆಯ ಬೋಧಕರೆಲ್ಲರೂ ದಿನಕ್ಕೆ ನಾಲ್ಕು ಗಂಟೆಯಾದರೂ ಆಸ್ಪತ್ರೆಯಲ್ಲಿ ನಿಂತು ಕಲಿಸಬೇಕು ಎಂದಿತು. ಬೋಧಕರ ಸಂಖ್ಯೆ ಎಣಿಸುವಾಗ ಅರೆಕಾಲಿಕರನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲವೆಂದೂ ಹೇಳಿತು. 2023ರಲ್ಲಿ ಸಂಸತ್ತು ಹಳೆಯ ಕಾನೂನಿನ ಜಾಗಕ್ಕೆ ರಾಷ್ಟ್ರೀಯ ಶುಶ್ರೂಷಾ ಆಯೋಗದ ಹೊಸ ಕಾನೂನನ್ನು ಅಂಗೀಕರಿಸಿದೆ.

ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ ಎಂದ ಮೇಲೆ ನಾನು ಅಲ್ಲಿ ಏನು ಮಾಡುತ್ತಿದ್ದೇನೆ ಎಂದು ನೀವು ಕೇಳಬಹುದು. ಲೆಕ್ಕದಲ್ಲಿ ಬೇರೆಯವರ ಹೆಸರಿದೆ. ಅವರು ಇನ್ನಾವುದೋ ಊರಿನಲ್ಲಿ ಇನ್ನಾವುದೋ ಕೆಲಸದಲ್ಲಿದ್ದಾರೆ. ತಪಾಸಣೆಯವರು ಬರುವ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ಸಾಲಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಆ ದಿನ ನನಗೆ ಬರಬೇಡಿ ಎನ್ನುತ್ತಾರೆ. ಎಲ್ಲ ಕಡೆಯೂ ಹೀಗೇ ಎಂದು ನಾನು ಹೇಳುತ್ತಿಲ್ಲ. ನಾನು ದುಡಿದ ಕಡೆ ಕಣ್ಣಾರೆ ಕಂಡದ್ದು ಇದು. ಅಂಗಡಿ ಇಟ್ಟವರಿಗೆ ಇದು ಹೊಸದಲ್ಲ: ತಕ್ಕಡಿ ತಪಾಸಣೆಗೆ ಬರುವ ದಿನ ಸರಿಯಾದ ಬಟ್ಟು, ಮಿಕ್ಕ ದಿನ ಬೇರೆ. (ನಗು) ನೀವು ನಗುತ್ತೀರಿ. ತಕ್ಕಡಿಯಲ್ಲಿ ಹೋಗುವುದು ಎರಡು ತೊಲ ಬೇಳೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಪ್ರತಿ ವಿದ್ಯಾರ್ಥಿಗೂ ಒಂದು ಪುಸ್ತಕವಿರುತ್ತದೆ. ಇಂಥ ಕೆಲಸವನ್ನು ನೋಡಿದಳು, ಇಂಥದ್ದನ್ನು ತಾನೇ ಮಾಡಿದಳು ಎಂದು ಅದರಲ್ಲಿ ಬರೆದು, ಕಲಿಸಿದವರು ಸಹಿ ಹಾಕಬೇಕು. ಪರೀಕ್ಷೆಗೆ ಒಂದು ವಾರ ಇರುವಾಗ ಆಫೀಸಿನಿಂದ ಒಂದು ಕಟ್ಟು ಪುಸ್ತಕ ನನ್ನ ಮುಂದೆ ಬಂತು. ಅರ್ಧಕ್ಕರ್ಧ ಕೆಲಸ ಅವರು ಮಾಡಿದ್ದನ್ನು ನಾನು ನೋಡಿರಲಿಲ್ಲ. ನೋಡುವುದು ಹೇಗೆ? ಒಂದು ವಾರ್ಡಿನ ಕೂಲಿ ಕೊಟ್ಟು ಎರಡು ವಾರ್ಡಿಗೆ ನಿಲ್ಲಿಸಿದ್ದರು, ಒಂದು ಕೆಳಗೆ, ಒಂದು ಮಹಡಿಯಲ್ಲಿ. ಸಹಿ ಹಾಕದಿದ್ದರೆ ಹುಡುಗಿಯರು ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದರು. ಹುಡುಗಿಯರ ಮುಖ ನೋಡಿದೆ. ಸಾಲ ಮಾಡಿ ಫೀಜು ಕಟ್ಟಿದ ಮನೆಯವರು ಅವರೆಲ್ಲ. ಕೂತು ಎಲ್ಲಕ್ಕೂ ಸಹಿ ಹಾಕಿದೆ.

ಅದಾಗಿ ಒಂದೂವರೆ ತಿಂಗಳಿಗೆ, ಅದೇ ತಂಡದ ಒಬ್ಬ ಹುಡುಗಿ ಗಂಡಸರ ವಾರ್ಡಿನಲ್ಲಿದ್ದಳು. ನಾನು ಮಹಡಿಯಲ್ಲಿದ್ದೆ. ರೋಗಿ ಸಣ್ಣ ಕಿರಾಣಿ ಅಂಗಡಿಯವರು, ಸಕ್ಕರೆ ಕಾಯಿಲೆ, ಕಾಲಿನಲ್ಲಿ ಗಾಯ. ಇನ್ಸುಲಿನ್ 20 ಯೂನಿಟ್ ಎಂದು ಚೀಟಿಯಲ್ಲಿತ್ತು. ಇಲ್ಲಿ ಸಕ್ಕರೆ ಕಾಯಿಲೆಯವರು ಅನೇಕರಿದ್ದೀರಿ, ಸ್ವಲ್ಪ ಗಮನವಿಟ್ಟು ಕೇಳಿ. ಇನ್ಸುಲಿನ್ ಸೀಸೆಗಳಲ್ಲಿ ಎರಡು ಬಗೆ. ಒಂದರಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. ವಾರ್ಡಿನಲ್ಲಿ ಯಾವಾಗಲೂ 40ರ ಸೀಸೆ, ಕೆಂಪು ಮುಚ್ಚಳ. ಹುಡುಗಿ ಕಂಡದ್ದು ಅದೊಂದೇ. ಈ ರೋಗಿಯ ಔಷಧ ಮನೆಯಿಂದ ತಂದದ್ದು, 100ರ ಸೀಸೆ. ಅವಳು ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು ಹಾಕಿ 20ರ ಗೆರೆಯವರೆಗೆ ಎಳೆದಳು. ಲೆಕ್ಕ ನೀವೇ ಮಾಡಿ: ಗೆರೆ ತೋರಿಸುವುದು 20, ಒಳಗಿರುವುದು 50.

ಐವತ್ತು ಯೂನಿಟ್ ಮೈಗೆ ಹೋಗಿದ್ದರೆ ಸಕ್ಕರೆ ಕುಸಿದು, ಬೆವರು ಕಿತ್ತು, ಮಾತು ತೊದಲಿ, ಯಾರೂ ನೋಡದಿದ್ದರೆ ಆ ಮನುಷ್ಯ ಎಚ್ಚರ ತಪ್ಪಿ ಅಲ್ಲಿಗೇ ಮುಗಿದುಹೋಗಬಹುದಿತ್ತು. ತಡೆದದ್ದು ನಾನಲ್ಲ, ವಾರ್ಡಿನ ಸಿಸ್ಟರಲ್ಲ, ಡಾಕ್ಟರಲ್ಲ. ರೋಗಿಯ ಹೆಂಡತಿ, ಓದುಬರಹ ಇಲ್ಲದ ಹೆಂಗಸು. "ತಾಯೀ, ಮನೇಲಿ ನಾನು ಚುಚ್ಚೋದು ಕಿತ್ತಳೆ ಟೋಪಿದು, ನೀ ಕೆಂಪಿಂದು ತಂದೀಯಲ್ಲ?" ಎಂದರಂತೆ.

ಹುಡುಗಿ ಸಿರಿಂಜು ಹಿಡಿದುಕೊಂಡೇ ಮಹಡಿಗೆ ಓಡಿಬಂದಳು. ನಾನು ಬೈಯಲಿಲ್ಲ, ಬೈಯುವ ಬಾಯಿ ನನಗೆಲ್ಲಿತ್ತು? ಅವಳ ಪುಸ್ತಕದಲ್ಲಿ "ಇನ್ಸುಲಿನ್ ಕೊಡುವುದು – ಮಾಡಿದ್ದಾಳೆ" ಎಂಬುದರ ಎದುರು ಇದ್ದದ್ದು ನನ್ನ ಸಹಿ. ವಾರ್ಡಿನ ಸಿಸ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರೆಸಿದೆ. ಆಮೇಲೆ ಎಲ್ಲರನ್ನೂ ಕರೆದು, ಎರಡೂ ಸಿರಿಂಜಿನಲ್ಲಿ 20ರ ಗೆರೆಯವರೆಗೆ ನೀರು ಎಳೆದು ಪಕ್ಕಪಕ್ಕ ಹಿಡಿದು ತೋರಿಸಿದೆ. ಅಷ್ಟೇ ಪಾಠ. ಐದು ನಿಮಿಷ. ಆ ಐದು ನಿಮಿಷ ನಾನು ಮೊದಲೇ ಅವಳ ಪಕ್ಕದಲ್ಲಿ ನಿಂತಿರಬೇಕಾಗಿತ್ತು.

ಮಧ್ಯಾಹ್ನ ಆ ತಾಯಿಯ ಬಳಿ ಹೋಗಿ ಕೂತೆ. "ಹುಡುಗೀನ ಕೆಲಸದಿಂದ ತೆಗೀತಾರೇನ್ರೀ?" ಎಂದು ಕೇಳಿದರು. ಗಂಡ ಉಳಿದದ್ದರ ಬಗ್ಗೆ ಒಂದು ಮಾತಿಲ್ಲ.

ಮರುದಿನ ಕಾಲೇಜಿನ ಆಫೀಸಿಗೆ ಹೋಗಿ, ಇನ್ನುಮುಂದೆ ಕಣ್ಣಿಂದ ನೋಡದ ಕೆಲಸಕ್ಕೆ ಸಹಿ ಹಾಕುವುದಿಲ್ಲ, ಎರಡು ವಾರ್ಡಿಗೆ ಒಬ್ಬಳೇ ನಿಲ್ಲುವುದಿಲ್ಲ ಎಂದು ಬರೆದುಕೊಟ್ಟೆ. ಅವರು ಬಹಳ ಮರ್ಯಾದೆಯಿಂದ ಕಾಗದ ತೆಗೆದುಕೊಂಡರು. ಮುಂದಿನ ತಿಂಗಳು ಫೋನು ಬರಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಬದಲಿಯವರನ್ನು ಕೆಲಸದಿಂದ ತೆಗೆಯುವುದಿಲ್ಲವಷ್ಟೆ, ಕರೆಯುವುದಿಲ್ಲ. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ಬೇರೆ ಕಡೆ ಹೋಗುತ್ತೇನೆ. ಅಲ್ಲಿ ಒಂದೇ ವಾರ್ಡು, ಎಂಟು ವಿದ್ಯಾರ್ಥಿಗಳು. ಕೂಲಿ ಮಾತ್ರ ದಿನಗೂಲಿಯೇ.

2016ರಲ್ಲಿ ಸುಪ್ರೀಂ ಕೋರ್ಟಿನ ಮಾತಿನಂತೆ ಕೂತ ಸಮಿತಿಯೊಂದು, 50 ಹಾಸಿಗೆಗಿಂತ ಚಿಕ್ಕದಾದ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಕೂಡದು, 200 ಹಾಸಿಗೆ ದಾಟಿದ ಕಡೆ ಸರ್ಕಾರಿ ಸಂಬಳಕ್ಕೆ ಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ಅದು ಶಿಫಾರಸು. ದಾದಿಗೆ ಕಲಿಸುವ ದಿನಗೂಲಿಯವಳ ಸುದ್ದಿ ಅದರಲ್ಲಿಲ್ಲ. ನಮ್ಮದು ಸಂಘವೂ ಇಲ್ಲ. ಒಬ್ಬಳು ಒಂದು ಆಸ್ಪತ್ರೆಯಲ್ಲಿ, ಇನ್ನೊಬ್ಬಳು ಇನ್ನೊಂದರಲ್ಲಿ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಈ ಕಟ್ಟಡದಲ್ಲಿ ತಿಂಗಳಿಗೊಂದು ಸಂಜೆ ನಮಗೆ ಜಾಗ ಕೊಟ್ಟರೆ ಹತ್ತು ಮಂದಿಯನ್ನಾದರೂ ಸೇರಿಸುತ್ತೇನೆ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಅವರು ತಲೆ ಆಡಿಸಿದ್ದಾರೆ. ಇಷ್ಟು ಜನರ ಮುಂದೆ ಹೇಳಿದರೆ ಮರೆಯಲಾರರು. (ನಗು, ಚಪ್ಪಾಳೆ)

ನಿಮ್ಮಿಂದಲೂ ಎರಡು ಕೆಲಸ ಆಗಬೇಕು. ಮಗಳನ್ನು ನರ್ಸಿಂಗಿಗೆ ಸೇರಿಸಲು ಹೋದಾಗ ಕಟ್ಟಡ ನೋಡಬೇಡಿ, ಬಸ್ಸು ನೋಡಬೇಡಿ. ಆಸ್ಪತ್ರೆ ಯಾವುದು, ವಾರ್ಡಿನಲ್ಲಿ ಇವಳ ಪಕ್ಕದಲ್ಲಿ ನಿಲ್ಲುವವರು ಯಾರು, ಎಷ್ಟು ಮಕ್ಕಳಿಗೆ ಒಬ್ಬರು ಎಂದು ಕೇಳಿ. ಹೆಸರು ಹೇಳಿದರೆ, ಒಂದು ಬೆಳಿಗ್ಗೆ ಆ ಆಸ್ಪತ್ರೆಗೆ ಹೋಗಿ ಆ ಹೆಸರಿನವರು ಇದ್ದಾರೆಯೇ ನೋಡಿ ಬನ್ನಿ. ಎರಡನೆಯದು, ನೀವೇ ಹಾಸಿಗೆ ಹಿಡಿದು ಮಲಗಿದಾಗ ಚಿಕ್ಕ ಹುಡುಗಿ ಸೂಜಿ ಹಿಡಿದು ಬಂದರೆ ಗದರಿಸಬೇಡಿ, ಓಡಿಸಬೇಡಿ. "ನಿಮ್ಮ ಮೇಡಂ ಎಲ್ಲಿದ್ದಾರವ್ವಾ? ಅವರು ಬರಲಿ, ಆಮೇಲೆ ಕೊಡು" ಎನ್ನಿ. ಒಬ್ಬರು ಕೇಳಿದರೆ ಆಫೀಸಿನವರು ನಕ್ಕಾರು. ವಾರ್ಡಿನ ಮೂವತ್ತು ಹಾಸಿಗೆಯವರೂ ಕೇಳಿದರೆ ಮೇಡಂ ಒಬ್ಬರನ್ನು ಹುಡುಕಿ ತರಲೇಬೇಕಾಗುತ್ತದೆ, ಅವರಿಗೆ ತಿಂಗಳ ಸಂಬಳ ಕೊಟ್ಟು.

ಇನ್ಸುಲಿನ್ ತೆಗೆದುಕೊಳ್ಳುವವರಿಗಾಗಿ ಎರಡೂ ಬಗೆಯ ಖಾಲಿ ಸಿರಿಂಜು ತಂದಿದ್ದೇನೆ, ಈ ಮೇಜಿನ ಮೇಲಿವೆ. ಸಭೆ ಮುಗಿದ ಮೇಲೆ ಮುಂದೆ ಬನ್ನಿ, ತೋರಿಸುತ್ತೇನೆ. ಮನೆಯ ಸೀಸೆಯ ಮೇಲೆ 40 ಎಂದಿದೆಯೋ 100 ಎಂದಿದೆಯೋ ಈ ರಾತ್ರಿಯೇ ನೋಡಿಕೊಳ್ಳಿ.