ಸಂಬಳಕ್ಕೊಂದು ಮಿತಿ: ಆಸ್ಟ್ರೇಲಿಯದ ಕಾಲ್ಚೆಂಡಾಟದ ಲೆಕ್ಕಾಚಾರ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಉಪನ್ಯಾಸ)



ಇಂದಿನ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರು ಹುಬ್ಬೇರಿಸಿರಬಹುದು. ಆಸ್ಟ್ರೇಲಿಯದ ಕಾಲ್ಚೆಂಡಾಟಕ್ಕೂ ನಮಗೂ ಏನು ಸಂಬಂಧವೆಂದು ಕೇಳುವುದು ನ್ಯಾಯವೇ. ಆಟದ ಸೊಗಸಿಗಿಂತ ಅದರ ಹಿಂದಿರುವ ಸಂಬಳದ ವ್ಯವಸ್ಥೆಯೇ ನನಗೆ ಇಲ್ಲಿ ಮುಖ್ಯ. ದುಡಿಯುವವನ ಸಂಬಳಕ್ಕೆ ಮಿತಿ ಹಾಕಬಹುದೇ? ಹಾಕಿದರೆ ಪ್ರತಿಯಾಗಿ ಅವನಿಗೆ ಏನು ಕೊಡಬೇಕು? ಅವನನ್ನು ಒಂದೂರಿಂದ ಇನ್ನೊಂದೂರಿಗೆ ಕಳುಹಿಸುವಾಗ ಅವನ ಮಾತಿಗೆ ಬೆಲೆಯುಂಟೇ? ಈ ಪ್ರಶ್ನೆಗಳು ತಿಂಗಳ ಸಂಬಳದ ಮೇಲೆ ಬದುಕುವ ನಮಗೆಲ್ಲ ಸೇರಿದವು.

ಮೊದಲು ಆಟದ ಪರಿಚಯ. ಇದರ ನಿಯಮಗಳನ್ನು ೧೮೫೯ರಲ್ಲಿ ಮೆಲ್ಬರ್ನ್ ನಗರದಲ್ಲಿ ಬರೆದರು. ಕ್ರಿಕೆಟ್ ಮೈದಾನದಂಥ ಅಂಡಾಕಾರದ ಬಯಲು; ಪಕ್ಷಕ್ಕೆ ಹದಿನೆಂಟು ಮಂದಿ; ಚೆಂಡೂ ಅಂಡಾಕಾರದ್ದೇ. ಅದನ್ನು ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು, ಎಸೆಯುವಂತಿಲ್ಲ. ಎರಡು ಎತ್ತರದ ಕಂಬಗಳ ನಡುವೆ ಒದ್ದರೆ ಆರು ಅಂಕ, ಅವುಗಳ ಮಗ್ಗುಲಿಗೆ ಹೋದರೆ ಒಂದೇ ಅಂಕ. ೧೮೯೭ರಲ್ಲಿ ಎಂಟು ಕ್ಲಬ್ಬುಗಳಿಂದ ಆರಂಭವಾದ ವಿಕ್ಟೋರಿಯ ಪ್ರಾಂತದ ಲೀಗು ೧೯೯೦ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ತಳೆಯಿತು. ೨೦೧೨ರಿಂದ ಅದರಲ್ಲಿ ಹದಿನೆಂಟು ಕ್ಲಬ್ಬುಗಳು ಆಡುತ್ತಿವೆ.

ಸಂಬಳಕ್ಕೆ ಕಟ್ಟು ಹಾಕುವ ಯೋಚನೆ ಹಳೆಯದು. ೧೯೩೦ರಲ್ಲಿ ಕೌಲ್ಟರ್ ಕಾಯಿದೆ ಎಂಬ ನಿಯಮವನ್ನು ತಂದು, ಯಾವ ಆಟಗಾರನಿಗೂ ಪಂದ್ಯವೊಂದಕ್ಕೆ ಮೂರು ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಗೊತ್ತುಮಾಡಿದರು. ಆದರೆ ಮುಂಬಾಗಿಲು ಮುಚ್ಚಿದರೆ ಹಣ ಹಿತ್ತಿಲ ಬಾಗಿಲಿನಿಂದ ನುಸುಳುತ್ತದೆ. ಸೌತ್ ಮೆಲ್ಬರ್ನ್ ಕ್ಲಬ್ಬಿನ ಮುಖಂಡರಾಗಿದ್ದ ಆರ್ಚಿ ಕ್ರಾಫ್ಟ್ಸ್ ಎಂಬವರು ಹಲವು ದಿನಸಿ ಅಂಗಡಿಗಳ ಒಡೆಯರು. ಅದು ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಬಡಿದಿದ್ದ ಕಾಲ. ಕಾಯಂ ನೌಕರಿ ಎಂಬುದು ಮೂರು ಪೌಂಡಿಗಿಂತ ದೊಡ್ಡ ಆಮಿಷ. ದೂರದ ಪ್ರಾಂತಗಳ ಆಟಗಾರರನ್ನು ಕರೆಸಿ ಅಂಗಡಿಗಳಲ್ಲಿ ಕೆಲಸ ಕೊಟ್ಟರು. ಜನರು ಅವರನ್ನು 'ಪರದೇಶಿ ಪಡೆ' ಎಂದು ಕರೆದರು. ೧೯೩೩ರಲ್ಲಿ ಪ್ರಶಸ್ತಿ ಆ ಕ್ಲಬ್ಬಿನದಾಯಿತು. ಹೊಟ್ಟೆಪಾಡಿಗೆ ಊರು ಬಿಟ್ಟವರ ಮನಸ್ಸನ್ನು ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಅದೇ ಕ್ಲಬ್ಬು ೧೯೮೨ರಲ್ಲಿ ಸಾಲದ ಭಾರದಿಂದ ಸಿಡ್ನಿ ನಗರಕ್ಕೆ ವರ್ಗವಾಯಿತು. ಸಿಲ್ವಿಯೊ ಫೊಸ್ಕಿನಿ ಎಂಬ ತರುಣ ಆಟಗಾರನು, ತಾನು ಮೆಲ್ಬರ್ನಿನಲ್ಲೇ ಉಳಿದು ಸೇಂಟ್ ಕಿಲ್ಡ ಕ್ಲಬ್ಬಿಗೆ ಆಡುವೆನೆಂದನು. ಬಿಡುಗಡೆಯ ಪತ್ರ ಸಿಗಲಿಲ್ಲ. ಆತ ನ್ಯಾಯಾಲಯದ ಮೆಟ್ಟಿಲೇರಿದನು. ದುಡಿಯುವವನು ತನಗೆ ಬೇಕಾದ ಕಡೆ ದುಡಿಯುವುದಕ್ಕೆ ಲೀಗಿನ ನಿಯಮಗಳು ಅನುಚಿತವಾದ ಅಡ್ಡಿಯೆಂದು ವಿಕ್ಟೋರಿಯದ ಸುಪ್ರೀಂ ಕೋರ್ಟು ೧೯೮೩ರಲ್ಲಿ ತೀರ್ಪಿತ್ತಿತು.

ಹಳೆಯ ಬೇಲಿ ಮುರಿದ ಮೇಲೆ, ಹಣವಂತ ಕ್ಲಬ್ಬುಗಳು ಒಳ್ಳೆಯವರನ್ನೆಲ್ಲ ಬಾಚಿಕೊಂಡು ಹೋಗುವ ಭಯವಿತ್ತು. ಅದಕ್ಕೆ ಲೀಗು ಎರಡು ಉಪಾಯಗಳನ್ನು ಕಂಡುಕೊಂಡಿತು. ೧೯೮೬ರಲ್ಲಿ 'ಡ್ರಾಫ್ಟ್' ಎಂಬ ಸರದಿಯ ಆಯ್ಕೆ ಬಂದಿತು. ಹೊಸ ಹುಡುಗರನ್ನು ಆರಿಸುವಾಗ, ಹಿಂದಿನ ಸಾಲಿನಲ್ಲಿ ಕಡೆಯ ಸ್ಥಾನದಲ್ಲಿದ್ದ ಕ್ಲಬ್ಬಿಗೆ ಮೊದಲ ಸರದಿ. ೧೯೮೭ರಲ್ಲಿ ಸಂಬಳದ ಮೇಲ್ಮಿತಿ ಬಂದಿತು: ಒಂದು ಕ್ಲಬ್ಬು ತನ್ನೆಲ್ಲ ಆಟಗಾರರಿಗೂ ಸೇರಿ ಇಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆಗ ಹನ್ನೆರಡೂವರೆ ಲಕ್ಷ ಡಾಲರಿದ್ದ ಆ ಮೊತ್ತ ಇಂದು ಒಂದೂವರೆ ಕೋಟಿಯನ್ನು ದಾಟಿದೆ. ಇದನ್ನು ಲೀಗು ತನ್ನಿಚ್ಛೆಯಂತೆ ಗೊತ್ತುಮಾಡುವುದಿಲ್ಲ. ೧೯೭೩ರಲ್ಲಿ ಹುಟ್ಟಿದ ಆಟಗಾರರ ಸಂಘದೊಡನೆ ಕೂತು ಚೌಕಾಶಿ ಮಾಡಿ ಒಪ್ಪಂದಕ್ಕೆ ಬರುತ್ತದೆ. ಮೇಲ್ಮಿತಿಯಂತೆ ಕೆಳಮಿತಿಯೂ ಉಂಟು. ಉಳಿತಾಯದ ಹೆಸರಿನಲ್ಲಿ ಆಟಗಾರರ ಪಾಲನ್ನು ತೀರ ಕಡಿತಗೊಳಿಸುವಂತಿಲ್ಲ.

ಇನ್ನು ವಿನಿಮಯದ ಮಾತು. ಪಂದ್ಯಗಳ ಸಾಲು ಮುಗಿದ ಮೇಲೆ ಕೆಲವು ದಿನ ಕ್ಲಬ್ಬುಗಳು ಆಟಗಾರರನ್ನು ಕೊಟ್ಟು ಆಟಗಾರರನ್ನೋ ಡ್ರಾಫ್ಟಿನ ಸರದಿಗಳನ್ನೋ ಪಡೆಯುತ್ತವೆ. ಇಲ್ಲಿ ಗಮನಿಸಬೇಕಾದದ್ದೊಂದುಂಟು: ಕರಾರಿನಲ್ಲಿರುವ ಆಟಗಾರನ ಒಪ್ಪಿಗೆಯಿಲ್ಲದೆ ಅವನನ್ನು ಸಾಗಿಸುವಂತಿಲ್ಲ. ಜೊತೆಗೆ ೨೦೧೨ರಿಂದ, ಒಂದೇ ಕ್ಲಬ್ಬಿನಲ್ಲಿ ಎಂಟು ವರ್ಷ ದುಡಿದು ಕರಾರು ಮುಗಿಸಿದವನು ತಾನಾಗಿ ಬೇರೆ ಕ್ಲಬ್ಬನ್ನು ಹುಡುಕಿಕೊಳ್ಳಬಹುದು. ಅವನು ಹೆಚ್ಚು ಸಂಬಳದವರ ಸಾಲಿನವನಾದರೆ, ಹಳೆಯ ಕ್ಲಬ್ಬು ಅಷ್ಟೇ ಹಣವನ್ನು ಕೊಡಲೊಪ್ಪಿ ಅವನನ್ನು ತಡೆಯಲು ಅವಕಾಶವಿದೆ.

೨೦೧೩ರಲ್ಲಿ ಲ್ಯಾನ್ಸ್ ಫ್ರಾಂಕ್ಲಿನ್ ಎಂಬ ಹೆಸರಾಂತ ಆಟಗಾರನು ಹಾಥಾರ್ನ್ ಕ್ಲಬ್ಬಿನಿಂದ ಸಿಡ್ನಿಗೆ ಹೋದದ್ದು ಈ ದಾರಿಯಿಂದಲೇ. ಒಂಬತ್ತು ವರ್ಷಕ್ಕೆ ಒಂದು ಕೋಟಿ ಡಾಲರ್! ಅಷ್ಟನ್ನು ಕೊಡಲು ಹಾಥಾರ್ನ್ ಒಪ್ಪಲಿಲ್ಲ. ಆಗ ಸಿಡ್ನಿಯ ಆಟಗಾರರಿಗೆ ಆ ನಗರದ ದುಬಾರಿ ಜೀವನಕ್ಕೆಂದು ನೂರಕ್ಕೆ ೯.೮ರಂತೆ ಹೆಚ್ಚಿನ ಭತ್ಯೆ ಸಲ್ಲುತ್ತಿತ್ತು. ನಮ್ಮ ಕಚೇರಿಗಳ ನಗರ ಭತ್ಯೆಯನ್ನು ಬಲ್ಲವರಿಗೆ ಇದರ ಅರ್ಥ ಸುಲಭವಾಗಿ ತಿಳಿದೀತು. ಇಂಥ ಭತ್ಯೆಯ ಬಲದಿಂದಲೇ ಕೋಟಿಯ ಆಟಗಾರರನ್ನು ಕೊಳ್ಳುತ್ತಿದ್ದಾರೆಂದು ಉಳಿದ ಕ್ಲಬ್ಬುಗಳು ಕೂಗೆಬ್ಬಿಸಿದವು. ಲೀಗು ಭತ್ಯೆಯನ್ನು ಹಂತಹಂತವಾಗಿ ರದ್ದುಪಡಿಸಿ, ಕಡಮೆ ಸಂಬಳದವರಿಗೆ ಮಾತ್ರ ಮನೆಬಾಡಿಗೆಯ ನೆರವನ್ನು ಉಳಿಸಿತು. ಹಾಗೆ ಉಳಿಸಿದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ದುಬಾರಿ ಬಾಡಿಗೆಯ ಬಿಸಿ ಮುಟ್ಟುವುದು ಮೊದಲ ವರ್ಷದ ಹುಡುಗನಿಗೆ.

ಮೇಲ್ಮಿತಿಯೊಳಗೆ ಕ್ಲಬ್ಬು ನಡೆಸುವುದೆಂದರೆ ಸಂಸಾರ ನಡೆಸಿದಂತೆಯೇ. ನಲವತ್ತಕ್ಕೂ ಮೀರಿದ ಆಟಗಾರರು. ಹಂಚಲು ಒಂದೇ ಗಂಟು. ಈ ವರ್ಷ ಕಡಮೆ ತೆಗೆದುಕೊ, ಮುಂದಿನ ವರ್ಷಗಳಲ್ಲಿ ಹೆಚ್ಚು ಕೊಡುವೆವು ಎಂದು ಕೆಲವರೊಡನೆ ಕರಾರು ಮಾಡಿಕೊಳ್ಳುವುದುಂಟು. ಇಂದಿನ ಖರ್ಚನ್ನು ನಾಳೆಯ ಖಾತೆಗೆ ಬರೆಯುವ ಉಪಾಯ ಇದು. ಎಲ್ಲ ಬಾಕಿಯೂ ಒಟ್ಟಿಗೆ ಬಾಗಿಲಿಗೆ ಬಂದು ನಿಂತಾಗ ಏನಾಗುವುದೆಂಬುದಕ್ಕೆ ಕಾಲಿಂಗ್‌ವುಡ್ ಕ್ಲಬ್ಬೇ ನಿದರ್ಶನ. ೨೦೨೦ರ ನವೆಂಬರಿನಲ್ಲಿ ಸಂಬಳದ ಹೊರೆ ಇಳಿಸಲು ಅದು ಆಡಮ್ ಟ್ರೆಲೋರ್, ಜೇಡನ್ ಸ್ಟೀಫನ್ಸನ್, ಟಾಮ್ ಫಿಲಿಪ್ಸ್ ಇವರನ್ನು ಬೇರೆ ಕ್ಲಬ್ಬುಗಳಿಗೆ ಸಾಗಹಾಕಿತು. ಟ್ರೆಲೋರರ ಕರಾರು ಇನ್ನೂ ಐದು ವರ್ಷ ಉಳಿದಿತ್ತು. ಹೋಗಲು ಅವರಿಗೆ ಮನಸ್ಸಿರಲಿಲ್ಲ. ಅದನ್ನವರು ಬಹಿರಂಗವಾಗಿಯೇ ಹೇಳಿದರು. ಕಡೆಗೆ ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ಬಿಗೆ ಹೋಗಲು ಒಪ್ಪಿದರು. ಮರುವರ್ಷ ಅವರು ಅಂತಿಮ ಪಂದ್ಯದಲ್ಲಿ ಆಡಿದರು. ಕಾಲಿಂಗ್‌ವುಡ್ ಹದಿನೆಂಟರಲ್ಲಿ ಹದಿನೇಳನೆಯ ಸ್ಥಾನಕ್ಕಿಳಿಯಿತು. ಮತ್ತೆ ಚೇತರಿಸಿಕೊಂಡು ೨೦೨೩ರಲ್ಲಿ ಪ್ರಶಸ್ತಿಯನ್ನು ಗೆದ್ದಿತೆಂಬುದೂ ನಿಜವೇ. ಆದರೂ ನನ್ನ ಮನಸ್ಸು ಆ ಒಪ್ಪಿಗೆಯ ಸಹಿಯ ಮೇಲೆಯೇ ನಿಲ್ಲುತ್ತದೆ. ಲೆಕ್ಕ ತಪ್ಪಿದ್ದು ಮೇಲಿನವರಿಂದ. ಗಂಟುಮೂಟೆ ಕಟ್ಟಬೇಕಾದದ್ದು ಆಟಗಾರ. ನೀನು ನಮಗೆ ಬೇಡವೆಂದು ಧಣಿಯೇ ಹೇಳಿದ ಮೇಲೆ, ಇಲ್ಲವೆನ್ನುವ ಹಕ್ಕು ಕಾಗದದಲ್ಲಿದ್ದರೂ ಎಷ್ಟು ದಿನ ಅದನ್ನು ಹಿಡಿದು ಕೂರಲಾದೀತು?

ಕಳ್ಳಲೆಕ್ಕಕ್ಕೆ ಶಿಕ್ಷೆಯೂ ಕಠಿಣ. ಮಿತಿ ಮೀರಿ ಗುಟ್ಟಾಗಿ ಹಣ ಕೊಟ್ಟ ಕಾರ್ಲ್ಟನ್ ಕ್ಲಬ್ಬಿಗೆ ೨೦೦೨ರಲ್ಲಿ ೯,೩೦,೦೦೦ ಡಾಲರ್ ದಂಡ ಬಿತ್ತು. ಡ್ರಾಫ್ಟಿನ ಮೊದಲ ಸರದಿಗಳೂ ಹೋದವು. ಆ ವರ್ಷವೇ ಅದು ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಕಡೆಯ ಸ್ಥಾನದಲ್ಲಿತ್ತು. ೨೦೧೨ರಲ್ಲಿ ಅಡಿಲೇಡ್ ಕ್ಲಬ್ಬು ಕರ್ಟ್ ಟಿಪ್ಪೆಟ್ ಎಂಬ ಆಟಗಾರನೊಡನೆ ಗುಪ್ತ ಕರಾರು ಮಾಡಿಕೊಂಡದ್ದು ಹೊರಬಿದ್ದಾಗ, ಕ್ಲಬ್ಬಿಗೆ ಮೂರು ಲಕ್ಷ ಡಾಲರ್ ದಂಡವಾಯಿತು. ಆಟಗಾರನೂ ಹನ್ನೊಂದು ಪಂದ್ಯ ಹೊರಗುಳಿದು ಐವತ್ತು ಸಾವಿರ ದಂಡ ತೆತ್ತನು.

ಇಷ್ಟೆಲ್ಲದರ ಫಲವೇನು? ೧೯೬೭ರಿಂದ ೧೯೮೯ರವರೆಗೆ, ಇಪ್ಪತ್ತಮೂರು ವರ್ಷ, ಪ್ರಶಸ್ತಿಯು ಐದೇ ಕ್ಲಬ್ಬುಗಳ ನಡುವೆ ಸುತ್ತುತ್ತಿತ್ತು. ೧೯೯೦ರಿಂದ ೨೦೨೪ರವರೆಗೆ ಮೂವತ್ತೈದು ವರ್ಷಗಳಲ್ಲಿ ಹದಿನಾಲ್ಕು ಕ್ಲಬ್ಬುಗಳು ಗೆದ್ದಿವೆ. ಮೆಲ್ಬರ್ನಿನ ದುಡಿಮೆಗಾರರ ಬಡಾವಣೆಯಾದ ಫುಟ್‌ಸ್ಕ್ರೇಯ ಕ್ಲಬ್ಬು, ಅಂದರೆ ಇಂದಿನ ವೆಸ್ಟರ್ನ್ ಬುಲ್‌ಡಾಗ್ಸ್, ೧೯೮೯ರಲ್ಲಿ ಇನ್ನೊಂದರಲ್ಲಿ ವಿಲೀನವಾಗುವುದರಲ್ಲಿತ್ತು. ಅಭಿಮಾನಿಗಳು ಚಂದಾ ಎತ್ತಿ ಉಳಿಸಿಕೊಂಡರು. ೧೯೫೪ರ ತರುವಾಯ ೨೦೧೬ರಲ್ಲಿ, ಅರವತ್ತೆರಡು ವರ್ಷ ಕಾದು, ಅದು ಮತ್ತೆ ಪ್ರಶಸ್ತಿಯನ್ನು ಪಡೆಯಿತು.

ಆದುದರಿಂದ ಮಿತಿ ಬೇಡವೆಂದು ನಾನು ಹೇಳಲಾರೆ. ಮಿತಿಗೆ ಒಪ್ಪುವಾಗ ದುಡಿಯುವವನು ನಾಲ್ಕು ವಿಷಯಗಳನ್ನು ಕೇಳಿ ಪಡೆಯಬೇಕು: ಮೇಲ್ಮಿತಿಯ ಜೊತೆಗೆ ಕೆಳಮಿತಿ, ಮೊತ್ತವನ್ನು ಗೊತ್ತುಮಾಡುವಲ್ಲಿ ತನ್ನ ಸಂಘಕ್ಕೆ ಸ್ಥಾನ, ಊರು ಬದಲಿಸುವಾಗ ತನ್ನ ಒಪ್ಪಿಗೆ, ಇಷ್ಟು ವರ್ಷ ದುಡಿದ ಮೇಲೆ ತಾನೇ ಆರಿಸಿಕೊಳ್ಳುವ ಹಕ್ಕು. ಆಸ್ಟ್ರೇಲಿಯದ ಆಟಗಾರರು ಇವನ್ನು ಕೋರ್ಟಿನಲ್ಲೂ ಚೌಕಾಶಿಯ ಮೇಜಿನ ಮೇಲೂ ಒಂದೊಂದಾಗಿ ಗಳಿಸಿದರು. ಮೂರನೆಯದು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲವೆಂಬುದನ್ನು ಟ್ರೆಲೋರರ ಸಂಗತಿ ತೋರಿಸುತ್ತದೆ. ತಮ್ಮ ತಮ್ಮ ಕಾರ್ಖಾನೆ, ಕಚೇರಿಗಳಲ್ಲಿ ವೇತನದ ಒಪ್ಪಂದ ಬಂದಾಗ ಈ ನಾಲ್ಕನ್ನು ನೆನಪಿಟ್ಟು ಓದಬೇಕೆಂದು ಅರಿಕೆ ಮಾಡಿಕೊಳ್ಳುತ್ತೇನೆ.