ಶಿಕ್ಷೆಯ ಅಳತೆ ಯಾರ ಕೈಯಲ್ಲಿ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಾಲಕ್ಕೆ ಬಡ್ಡಿ ಎಷ್ಟೆಂದು ನಾವೆಲ್ಲ ಕೂತು ತೀರ್ಮಾನಿಸಿ ಪುಸ್ತಕದಲ್ಲಿ ಬರೆದಿಡುತ್ತೇವೆ. ಅಧ್ಯಕ್ಷೆಗೆ ಬೇಕಾದವಳಿಗೆ ಒಂದು ರೂಪಾಯಿ, ಬೇಡವಾದವಳಿಗೆ ಮೂರು ರೂಪಾಯಿ ಎಂದರೆ ಸಂಘ ಎರಡು ತಿಂಗಳೂ ಉಳಿಯದು. ವರದಕ್ಷಿಣೆಗಾಗಿ ಹೆಣ್ಣೊಬ್ಬಳು ಸತ್ತಾಗ ತಪ್ಪಿತಸ್ಥನಿಗೆ ಎಷ್ಟು ವರ್ಷ ಎನ್ನುವುದಕ್ಕೆ ಅಂಥ ಪುಸ್ತಕ ನಮ್ಮ ದೇಶದಲ್ಲಿಲ್ಲ.

ಕಾನೂನಿದೆ. 1986ರಲ್ಲಿ ದಂಡಸಂಹಿತೆಗೆ 304-ಬಿ ಕಲಂ ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ಮದುವೆಯಾದ 7 ವರ್ಷದೊಳಗೆ ಅಸಹಜ ಸಾವು, ಸಾವಿಗೆ ತುಸು ಮುಂಚೆ ವರದಕ್ಷಿಣೆಯ ಕಿರುಕುಳ ರುಜುವಾತಾದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ನಡುವಿನ ಆ ದೊಡ್ಡ ಬಯಲಿನಲ್ಲಿ ನ್ಯಾಯಾಧೀಶರು ಎಲ್ಲಿ ನಿಲ್ಲಬೇಕೆಂದು ಕಲಂ ಹೇಳುವುದಿಲ್ಲ. 1994ರ ಹೇಮ್ ಚಂದ್ ಮೊಕದ್ದಮೆಯಲ್ಲಿ ಅಪರಾಧಿ ಪೊಲೀಸ್ ನೌಕರ. ಅವನ ಜೀವಾವಧಿಯನ್ನು ಸುಪ್ರೀಂ ಕೋರ್ಟು 10 ವರ್ಷಕ್ಕೆ ಇಳಿಸಿತು. ಜೀವಾವಧಿ ಅಪರೂಪದ ಪ್ರಕರಣಗಳಿಗೆ ಮಾತ್ರ ಎಂದಿತು. ಯಾವುದು ಅಪರೂಪ? ಅದನ್ನು ಮತ್ತೆ ಆಯಾ ನ್ಯಾಯಾಧೀಶರೇ ಹೇಳಬೇಕು.

ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಮಳೀಮಠರ ಸಮಿತಿ 2003ರಲ್ಲೇ ಶಿಕ್ಷೆಗೆ ಮಾರ್ಗಸೂಚಿ ಬೇಕೆಂದು ಶಿಫಾರಸು ಮಾಡಿತು. ಇಂದಿಗೂ ಅದು ಆಗಿಲ್ಲ. ಇಂಗ್ಲೆಂಡಿನಲ್ಲಿ ಅಂಥ ಮಾರ್ಗಸೂಚಿ ಇದೆ. ಮನೆಯೊಳಗಿನ ಅಪರಾಧ ಹೊರಗಿನದಕ್ಕಿಂತ ಹೆಚ್ಚು ಗಂಭೀರ, ಏಕೆಂದರೆ ಅಲ್ಲಿ ನಂಬಿಕೆಯೇ ಮುರಿದಿರುತ್ತದೆ ಎಂದು 2018ರಲ್ಲಿ ಬರೆದಿಟ್ಟರು. ನಮ್ಮಲ್ಲಿ ಇನ್ನೂ 'ಸಂಸಾರದ ವಿಷಯ' ಎಂಬ ಮಾತು!

ಎಲ್ಲರಿಗೂ ಕಣ್ಣುಮುಚ್ಚಿ ಒಂದೇ ಶಿಕ್ಷೆ ಎನ್ನುವವಳಲ್ಲ ನಾನು. ಸೀಮೆಎಣ್ಣೆ ಸುರಿದವನೂ ಬಾಯಿ ಬಿಡದೆ ನಿಂತ ನಾದಿನಿಯೂ ಒಂದೇ ಅಲ್ಲ. ಆದರೆ ಒಬ್ಬನಿಗೆ ಏಳು, ಅಂಥದೇ ಕೃತ್ಯಕ್ಕೆ ಇನ್ನೊಬ್ಬನಿಗೆ ಹದಿನಾಲ್ಕು ಎಂದಾಗ ಕಾರಣ ಜನರಿಗೆ ಅರ್ಥವಾಗಬೇಕು. ಅರ್ಥವಾಗದಿದ್ದರೆ ಊರವರು 'ದುಡ್ಡು ಕೆಲಸ ಮಾಡಿತು' ಎನ್ನುತ್ತಾರೆ. ಮಗಳನ್ನು ಕಳೆದುಕೊಂಡ ಮುಂದಿನ ತಾಯಿ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ, ಪಂಚಾಯಿತಿಯಲ್ಲಿ ರಾಜಿಯಾಗುತ್ತಾಳೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಆರೋಪಿ ಬಿಡುಗಡೆಯಾದರೆ ಸತ್ತವಳ ವಾರಸುದಾರರು ಮೇಲ್ಮನವಿ ಹಾಕಬಹುದು. 2009ರ ಕೊನೆಯಿಂದ ಈ ಹಕ್ಕಿದೆ. ಶಿಕ್ಷೆ ಕಡಿಮೆಯಾಯಿತೆಂದು ಮಾತ್ರ ಅವರು ಹಾಕುವಂತಿಲ್ಲ, ಸರ್ಕಾರವೇ ಹಾಕಬೇಕು. ಇದನ್ನು ಬದಲಿಸಲು ನಾವು ಕೇಳಬೇಕು. ಅಲ್ಲಿಯವರೆಗೆ, ತಪ್ಪಿತಸ್ಥನೆಂದು ತೀರ್ಪಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಬೇರೆಯಾಗಿ ವಿಚಾರಣೆ ನಡೆಯುತ್ತದಲ್ಲ, ಅಂದು ತಾಯಿಯನ್ನು ಒಂಟಿಯಾಗಿ ಕಳಿಸಬೇಡಿ. ಸಂಘದ ನಾಲ್ಕು ಜನ ಜೊತೆಗೆ ಹೋಗಿ. ಅನಾಥವಾದ ಮಕ್ಕಳ ವಿಷಯ, ಹಿಂದಿನ ದೂರುಗಳ ನಕಲು, ಎಲ್ಲವನ್ನೂ ಸರ್ಕಾರಿ ವಕೀಲರ ಕೈಗೆ ಮೊದಲೇ ಕೊಡಿ. ನ್ಯಾಯಾಲಯ ಒಪ್ಪಿದರೆ ಅವರಿಗೆ ನೆರವಾಗಲು ನಿಮ್ಮದೇ ವಕೀಲರನ್ನೂ ಇಟ್ಟುಕೊಳ್ಳಬಹುದು.